ಮುತ್ತಜ್ಜಿಯ ಮನೆ ಕಳುವಾದದ್ದು

"ಯೋರ್ಡಿಸ್, ಬೇಗ ಬಾರೇ! ಕ್ರೋಕ್‌ತೋರ್ಪ್‌ನಲ್ಲಿ ಕಳ್ಳತನ ಆಗಿದೆ!"

"ಏನು ಹೋಗಿದೆ?"

"ಮನೆ."

"ಮನೆಯಿಂದ ಏನು ಹೋಗಿದೆ ಅಂತ ಕೇಳ್ತಿದ್ದೀನಿ."

"ಮನೆಯೇ ಹೋಗಿದೆ ಮಾರಾಯ್ತಿ! ನಮ್ಮ ಮುತ್ತಜ್ಜಿ ಹುಟ್ಟಿದ ಮನೆ. ಮೇ ತಿಂಗಳಲ್ಲಿ ಇತ್ತು, ಈಗ ಇಲ್ಲ!"

ಫೋನ್ ಮಾಡಿದ್ದು ಗೆಳತಿ ಗುನ್ವೋರ್. ಯೋರ್ಡಿಸ್ ಪಕ್ಕದ ಪೇಟೆಯ ಪೊಲೀಸ್ ಠಾಣೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಅಷ್ಟೂ ವರ್ಷ ಅವಳ ಕೈಗೆ ಬಂದದ್ದು ಬರೀ ಸೈಕಲ್ ಕಳವು. ಒಮ್ಮೆ ಮಾತ್ರ ದೋಣಿಯ ಎಂಜಿನ್ ಒಂದು ಕಾಣೆಯಾಗಿತ್ತು. ಅದೂ ಕೊನೆಗೆ ಕೆರೆಯ ತಳದಲ್ಲಿ ಸಿಕ್ಕಿ ಅವಳ ಉತ್ಸಾಹಕ್ಕೆ ತಣ್ಣೀರೆರಚಿತು. ದೊಡ್ಡದೊಂದು ಕೇಸಿಗಾಗಿ ಬಾಯಿ ಬಿಡುತ್ತಿದ್ದ ಅವಳು ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದಳು. ಅವಳು ಹಾಗೆ ಎದ್ದದ್ದನ್ನು ಅವಳ ಗಂಡ ಅದುವರೆಗೆ ಕಂಡಿರಲಿಲ್ಲ.

ಕಾಡಿನ ಅಂಚಿನಲ್ಲಿ ಗುನ್ವೋರ್ ಕುಡುಗೋಲು ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ಕಬ್ಬಿಣದ ಕಂಬ, ಕಂಬದ ಮೇಲೆ ಹಲಗೆ. ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ 'ಕ್ರೋಕ್‌ತೋರ್ಪ್' ಎಂದು ಬರೆದಿತ್ತು.

"ಹಲಗೆ ಇಲ್ಲೇ ಇದೆಯಲ್ಲೇ!"

"ಹಲಗೆ ಇದೆ. ಮನೆ ಎಲ್ಲಿ?"

"ಅದು ಬಿದ್ದು ನೂರು ವರ್ಷ ಆಯ್ತಲ್ಲ?"

"ಬಿದ್ದ ಮನೆ ಎಲ್ಲಿ ಅಂತ ಕೇಳ್ತಿದ್ದೀನಿ! ಒಲೆಗೂಡಿನ ಕಲ್ಲುರಾಶಿ ನನ್ನ ಎದೆಮಟ್ಟಕ್ಕಿತ್ತು. ಬಾಗಿಲಿನ ಮುಂದೆ ಚಪ್ಪಡಿ ಕಲ್ಲು, ಅದರ ಪಕ್ಕದಲ್ಲಿ ಗುಲಾಬಿ ಪೊದೆ. ಮುಳ್ಳು ಚುಚ್ಚಿ ಎರಡು ದಿನ ಬೆರಳು ಊದಿತ್ತು. ಇಲ್ಲಿ ನೋಡು, ನಾಲ್ಕು ಕಲ್ಲು ಬಿಟ್ರೆ ಏನಿದೆ? ಅಲ್ಲದೆ ಆವತ್ತು ನಾವು ಕಾಡೊಳಗೆ ಎಷ್ಟೋ ನಡೆದಿದ್ವಿ. ಇದು ರಸ್ತೆ ಪಕ್ಕದಲ್ಲೇ ಇದೆ!"

ಯೋರ್ಡಿಸ್ ಮಂಡಿಯೂರಿ ಕುಳಿತಳು. ಕಂಬದ ಬುಡದ ಮಣ್ಣು ಹೊಸದು. ಹುಲ್ಲಿನ ಮೇಲೆ ಸಣ್ಣ ಗಾಲಿಗಳ ಗೆರೆ. ಅವಳ ಮುಖ ಅರಳಿತು.

"ಗುನ್ವೋರ್, ನೀನು ಭಾಗ್ಯವಂತೆ. ಇದು ಅಪರಾಧವೇ!"

ಗುನ್ವೋರಳಿಗೆ ಮಾತ್ರ ಅಳು ಬರುವಂತಾಗಿತ್ತು. ಅದಕ್ಕೆ ಕಾರಣವಿತ್ತು. ಜೀವನವಿಡೀ ಶಾಲೆಯ ಬಸ್ಸು ಓಡಿಸಿದ ಅವಳು ನಿವೃತ್ತಿಯಾದ ಮೇಲೆ ವಂಶದ ಬೇರು ಹುಡುಕುವ ಹುಚ್ಚು ಹತ್ತಿಸಿಕೊಂಡಿದ್ದಳು. ಗ್ರಂಥಾಲಯದ ಮೈಕ್ರೋಫಿಲ್ಮ್ ಯಂತ್ರದಲ್ಲಿ ತಲೆ ತೂರಿಸಿ, ಹಳೆಯ ಪಾದ್ರಿಗಳ ಕಾಗೆಕಾಲು ಅಕ್ಷರಗಳನ್ನು ಬಿಡಿಸಿ ಬಿಡಿಸಿ, ಮುತ್ತಜ್ಜಿ ಕ್ರಿಸ್ಟೀನಾಳನ್ನು ಆರೇ ತಿಂಗಳಲ್ಲಿ ಹಿಡಿದುಬಿಟ್ಟಳು. ಅವಳ ಸಮಾಧಿಗೆ ಹೂವಿಟ್ಟಳು. ಅವಳ ಸತ್ತ ಮಕ್ಕಳಿಗಾಗಿ ಕಣ್ಣೀರಿಟ್ಟಳು. ಕ್ರಿಸ್‌ಮಸ್ ಊಟಕ್ಕೆ ನೆಂಟರೆಲ್ಲ ಸೇರಿದಾಗ ಎದ್ದು ನಿಂತು ಎಲ್ಲವನ್ನೂ ವಿವರಿಸಿದಳು. ಆಗ ದೊಡ್ಡಪ್ಪನ ಮಗ ಇಂಗ್ವೆ, ನಿವೃತ್ತ ಮುಖ್ಯೋಪಾಧ್ಯಾಯ, ಹಂದಿಮಾಂಸದ ತುಂಡನ್ನು ನಿಧಾನವಾಗಿ ಅಗಿದು ನುಂಗಿ ಹೇಳಿದ್ದ: "ಅದು ಬೇರೆ ಕ್ರಿಸ್ಟೀನಾ. ನಮ್ಮವಳಲ್ಲ."

ಆ ಕಾಲದಲ್ಲಿ ಊರಿನಲ್ಲಿ ಮೂವರು ಗಂಡಸರಲ್ಲಿ ಒಬ್ಬ ಯೋಹಾನೆಸ್. ಅವರ ಮನೆಗಳಲ್ಲೆಲ್ಲ ಕ್ರಿಸ್ಟೀನಾ ಎಂಬ ಒಬ್ಬೊಬ್ಬಳು ಮಗಳು. ಹೊಸಬರು ಯಾರಾದರೂ ಎಡವುವ ಜಾಗವೇ ಅದು. ಆದರೆ ನೆಂಟರು ನಕ್ಕ ನಗು ಗುನ್ವೋರಳ ಕಿವಿಯಲ್ಲಿ ಹಾಗೇ ಉಳಿಯಿತು. ಅವಳು ಹಠ ಹಿಡಿದು ಮತ್ತೆ ಮೊದಲಿನಿಂದ ಹುಡುಕಿದಳು. ಈ ಸಲ ಸರಿಯಾದ ಕ್ರಿಸ್ಟೀನಾಳೇ ಸಿಕ್ಕಳು — ಕ್ರೋಕ್‌ತೋರ್ಪ್ ಎಂಬ ಒಕ್ಕಲು ಮನೆಯ ಮಗಳು. ಇಂಗ್ವೆ ಕೂಡ ತುಟಿ ಪಿಟಕ್ಕೆನ್ನಲಿಲ್ಲ. ಕ್ರಿಸ್ಟೀನಾಳ ಅಣ್ಣ ಅಮೆರಿಕಕ್ಕೆ ಹಡಗು ಹತ್ತಿದ್ದ. ಅವನ ಮರಿಮೊಮ್ಮಗಳು ಲೊರೇನ್ ಮಿನ್ನೆಸೋಟಾದಿಂದ ಬರುವವಳಿದ್ದಳು. ಶನಿವಾರ ಅರವತ್ತು ಮಂದಿ ನೆಂಟರ ಕೂಟ. ಎಲ್ಲರನ್ನೂ ಆ ಮನೆಯ ಹೊಸ್ತಿಲಿಗೆ ಕರೆದೊಯ್ಯುತ್ತೇನೆಂದು ಗುನ್ವೋರ್ ಮಾತು ಕೊಟ್ಟಿದ್ದಳು.

ಇವತ್ತು ಗುರುವಾರ.

"ಮೇನಲ್ಲಿ ನಿನ್ನನ್ನ ಅಲ್ಲಿಗೆ ಕರ್ಕೊಂಡು ಹೋದವರು ಯಾರು?" ಯೋರ್ಡಿಸ್ ಕೇಳಿದಳು.

"ಊರ ಇತಿಹಾಸ ಸಂಘದ ಅಧ್ಯಕ್ಷ. ಅವನೇ ಕಂಬ ನೆಟ್ಟದ್ದು."

"ಹಾಗಾದ್ರೆ ಅವನನ್ನೇ ಕೇಳೋಣ."

"ಮಾಯೋರ್ಕಾ ದ್ವೀಪದಲ್ಲಿ ಬಿಸಿಲು ಕಾಯಿಸ್ಕೊಳ್ತಿದ್ದಾನೆ, ಫೋನ್ ಎತ್ತಲ್ಲ. ನಕ್ಷೆ ಅವನ ಬೀರುವಿನಲ್ಲಿದೆ, ಬೀಗದ ಕೈ ಅವನ ಜೇಬಿನಲ್ಲಿದೆ."

"ನಿನಗೆ ದಾರಿ ನೆನಪಿಲ್ವಾ? ಅಷ್ಟು ವರ್ಷ ಬಸ್ಸು ಓಡಿಸಿದವಳು!"

"ಬಸ್ಸು ರಸ್ತೆಯಲ್ಲಿ ಓಡಿಸಿದ್ದು ಕಣೇ. ಕಾಡಲ್ಲಿ ಆಗಿಂದ ಕಡಿದ ಮರ ಎಳೆದು ಎಳೆದು ದಾರಿ ಹತ್ತು ಕವಲಾಗಿದೆ. ಬೆಳಗ್ಗೆಯಿಂದ ಸುತ್ತಿ ಸುತ್ತಿ ಇಲ್ಲಿಗೇ ಬಂದು ಬೀಳ್ತಿದ್ದೀನಿ."

ಮೊದಲ ಸಂಶಯ ಕಾಡಿನ ಯಜಮಾನ ರೂನೆಯ ಮೇಲೆ. ಅವನು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಯೋರ್ಡಿಸ್ ಆ ಕಾಲುಗಳನ್ನೇ ವಿಚಾರಣೆಗೆ ಒಳಪಡಿಸಿದಳು.

"ಶನಿವಾರ ಅರವತ್ತು ಜನ ನಿನ್ನ ಕಾಡಿಗೆ ಬರ್ತಿದ್ದಾರೆ. ನಿನಗೆ ಸಂತೋಷವಾ?"

"ಹಲ್ಲು ಕೀಳಿಸ್ಕೊಂಡಷ್ಟು ಸಂತೋಷ."

"ಅದಕ್ಕೇ ಕಂಬ ಕಿತ್ತೆ?"

ಕಾಲುಗಳು ಅಲುಗಾಡಿದವು. ಎಣ್ಣೆ ಮೆತ್ತಿದ ಮುಖ ಹೊರಬಂತು. "ನನಗೆ ಬೇಡ ಅಂದ್ರೆ ದಾರಿಗೆ ಅಡ್ಡಗಂಬ ಹಾಕಿ ಬೀಗ ಜಡೀತಿದ್ದೆ. ಕಂಬ ಹೊತ್ಕೊಂಡು ಕಾಡೆಲ್ಲ ಮೆರವಣಿಗೆ ಮಾಡೋಕೆ ನನಗೇನು ಹುಚ್ಚಾ?"

"ಹಾಗಾದ್ರೆ ನಿಜವಾದ ಮನೆ ಎಲ್ಲಿದೆ, ಹೇಳು."

"ನನ್ನ ಕಾಡಲ್ಲಿ ಅಂಥ ಕಲ್ಲುರಾಶಿ ಬೇಕಾದಷ್ಟಿವೆ. ಯಾವುದು ಯಾರ ಮುತ್ತಜ್ಜಿದು ಅಂತ ಅವುಗಳನ್ನೇ ಕೇಳ್ಕೋ." ಅವನು ಕೈ ಒರೆಸಿಕೊಂಡು ಆಕಾಶ ನೋಡಿದ. "ಅಲ್ಲ, ಈ ವರ್ಷ ಕಾಡಿಗೆ ಬಂದು ಮಾಡೋದಾದ್ರೂ ಏನು? ಜುಲೈಯಿಡೀ ಒಂದು ಹನಿ ಬಿದ್ದಿಲ್ಲ. ಬ್ಲೂಬೆರಿ ಒಣಗಿ ಹೋಯ್ತು. ಅಣಬೆಯಂತೂ ಹೆಸರಿಗೂ ಇಲ್ಲ."

ಎರಡನೆಯವನು ಇಂಗ್ವೆ. ಅವನ ಮನೆಯ ಗೋಡೆಯ ಮೇಲೆ ಒಂದು ವಂಶವೃಕ್ಷ. ಅದರ ತುದಿಯಲ್ಲಿ ಬಣ್ಣದ ಗುರಾಣಿ ಹಿಡಿದ ವೀರನೊಬ್ಬ. ಆ ವೀರನಿಗೂ ಇಂಗ್ವೆಗೂ ನಡುವೆ ಮುನ್ನೂರು ವರ್ಷ ಖಾಲಿ ಇತ್ತು. ಅಲ್ಲೆಲ್ಲ ಪೆನ್ಸಿಲಿನಲ್ಲಿ 'ಬಹುಶಃ' ಎಂದು ಬರೆದಿತ್ತು.

"ಮನೆ ಕಳುವಾಯ್ತಾ?" ಇಂಗ್ವೆ ಕನ್ನಡಕ ತೆಗೆದು ಒರೆಸಿದ. ಅವನ ಸುಖ ಮುಖದಲ್ಲೇ ಕಾಣುತ್ತಿತ್ತು. "ಗುನ್ವೋರ್, ಹೋದ ಸಲ ಮುತ್ತಜ್ಜಿಯನ್ನೇ ಕಳ್ಕೊಂಡಿದ್ದೆ. ಈ ಸಲ ಮನೆ. ಪ್ರಗತಿ ಇದೆ."

"ಹಲಗೆ ಯಾರೋ ಬೇಕಂತಲೇ ಸರಿಸಿದ್ದಾರೆ, ಇಂಗ್ವೆ!"

"ಆಧಾರ?"

"ಗುಲಾಬಿ ಪೊದೆ ಇಲ್ಲ."

"ಅದನ್ನ ಜಿಂಕೆ ತಿಂದಿರುತ್ತೆ."

"ಎದೆಮಟ್ಟದ ಕಲ್ಲುರಾಶಿಯನ್ನೂ ಜಿಂಕೆ ತಿಂತಾ?" ಯೋರ್ಡಿಸ್ ನಡುವೆ ಬಾಯಿ ಹಾಕಿದಳು. "ನೀನು ಈ ವಾರ ಎಲ್ಲಿದ್ದೆ?"

"ಇಲ್ಲೇ. ಮಲಗಿದ್ದೆ. ಸೊಂಟ ಹಿಡ್ಕೊಂಡಿದೆ. ಕಾಲುಚೀಲ ಕೂಡ ಹೆಂಡತಿ ಹಾಕ್ತಾಳೆ." ಅವನು ಎದ್ದು ನಿಲ್ಲಲು ನೋಡಿದ, ಅರ್ಧಕ್ಕೇ ನಿಂತು "ಅಯ್ಯಪ್ಪಾ" ಎಂದ. ನಟನೆ ಅನ್ನಿಸಲಿಲ್ಲ. ಆದರೂ ಬಾಗಿಲವರೆಗೆ ಬಂದು ಗಾಯಕ್ಕೆ ಉಪ್ಪು ಸವರುವುದನ್ನು ಬಿಡಲಿಲ್ಲ: "ಶನಿವಾರ ಲೊರೇನ್‌ಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳೋನು ನಾನೇ. ತಪ್ಪು ಕಂಡ್ರೆ ನನ್ನ ಕೈಲಿ ಸುಮ್ಮನಿರೋಕಾಗಲ್ಲ, ಗೊತ್ತಲ್ಲ. ಕ್ಷಮಿಸು."

ಅಲ್ಲಿಂದ ಹೊರಟಾಗ ಗುನ್ವೋರ್ ಫೋನ್ ಕೈಗೆತ್ತಿಕೊಂಡಳು. "ಕೂಟ ಬೇಡ ಅಂತ ಎಲ್ಲರಿಗೂ ಫೋನ್ ಮಾಡಿಬಿಡ್ತೀನಿ."

"ಮೊದಲು ಏನಾದ್ರೂ ತಿನ್ನೋಣ" ಎಂದಳು ಯೋರ್ಡಿಸ್.

ತಿನ್ನಬೇಕೆಂದರೆ ಟೋರಾ ಅತ್ತೆಯ ಮನೆ. ಗುನ್ವೋರಳ ಸೋದರತ್ತೆ, ವಯಸ್ಸು ಎಂಬತ್ತು ದಾಟಿದೆ, ಮದುವೆಯಾಗಲಿಲ್ಲ. ಮನೆತನದ ಹಳೆಯ ಕಥೆ ಯಾವಾಗ ಕೇಳಿದರೂ ಎಲ್ಲ ಮರೆತುಹೋಗಿದೆ ಎನ್ನುತ್ತಾರೆ. ಭಾನುವಾರ ಚರ್ಚಿನ ಮೆಟ್ಟಿಲು ಹತ್ತಲು ಎರಡೂ ಕಡೆ ಇಬ್ಬರು ತೋಳು ಹಿಡಿಯಬೇಕು. ಅಂಗಳದಲ್ಲಿ ಯಾವ ಕಾಲದ್ದೋ ಮಗುವಿನ ತಳ್ಳುಗಾಡಿ ನಿಂತಿತ್ತು; ಅತ್ತೆ ಅದರಲ್ಲಿ ಸೌದೆ ತರುತ್ತಾರೆ.

"ಬಂದ್ರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ." ಅತ್ತೆ ಒಲೆಯ ಮುಂದೆ ಗಡಬಡಿಸಿದರು. ಕ್ಷಣದಲ್ಲಿ ಸುಟ್ಟ ಬ್ರೆಡ್ಡು, ಅದರ ಮೇಲೆ ಬೆಣ್ಣೆಯಲ್ಲಿ ಹುರಿದು ಕೆನೆ ಹಾಕಿದ ಹಳದಿ ಅಣಬೆ. ಕಾಡಿನ ಚಿನ್ನ ಎಂದು ಊರೆಲ್ಲ ಬಾಯಿ ಚಪ್ಪರಿಸುವ ಅಣಬೆ. ಇಬ್ಬರೂ ಮಾತು ಮರೆತು ತಿಂದರು.

"ಅತ್ತೆ, ಈ ಬರಗಾಲದಲ್ಲಿ!"

"ಹೋದ ವರ್ಷದ್ದು ಕಣೇ. ಫ್ರೀಜರಿನಲ್ಲಿತ್ತು. ಇನ್ನೊಂಚೂರು ಹಾಕ್ಲಾ?"

ಗುನ್ವೋರ್ ನಡೆದದ್ದನ್ನೆಲ್ಲ ಹೇಳಿಕೊಂಡಳು. ಅತ್ತೆ ತಲೆದೂಗುತ್ತ ಕೇಳಿದರು.

"ಅಯ್ಯೋ, ಅಷ್ಟಕ್ಕೇ ಯಾಕೆ ತಲೆ ಕೆಡಿಸ್ಕೊಳ್ತೀಯಾ? ಹಲಗೆ ಇರೋ ಕಡೆಗೇ ಕರ್ಕೊಂಡು ಹೋಗು. ರಸ್ತೆ ಪಕ್ಕ. ಕಾರು ನಿಲ್ಲಿಸೋಕೆ ಜಾಗ ಇದೆ. ಬರೋರೆಲ್ಲ ಮುದುಕರು, ಅವರ ಮಂಡಿ ಬಗ್ಗೆ ಯೋಚನೆ ಮಾಡಬೇಡ್ವಾ? ಕಲ್ಲು ಅಂದ್ರೆ ಕಲ್ಲು."

"ಕಲ್ಲು ಅಂದ್ರೆ ಕಲ್ಲಲ್ಲ ಅತ್ತೆ" ಎಂದಳು ಗುನ್ವೋರ್.

ಯೋರ್ಡಿಸ್ ನಾಲಿಗೆಯಿಂದ ಹಲ್ಲಿನ ಸಂದಿ ತಡಕುತ್ತಿದ್ದಳು. ಕೊನೆಗೆ ಬೆರಳಿನಿಂದ ಏನನ್ನೋ ತೆಗೆದು ತಟ್ಟೆಯ ಅಂಚಿಗೆ ಒರೆಸಿದಳು. ಹಸಿರು ಬಣ್ಣದ ಚಿಕ್ಕ ಎಳೆ.

ಮರುದಿನ ಬೆಳಗ್ಗೆ ಅವಳು ಗುನ್ವೋರಳನ್ನು ಎಬ್ಬಿಸಿಕೊಂಡು ನೇರ ಟೋರಾ ಅತ್ತೆಯ ಅಡುಗೆಮನೆಗೇ ಬಂದಳು. ನಿಂತೇ ಮಾತಾಡಿದಳು. ಈ ಗಳಿಗೆಗಾಗಿ ಮೂವತ್ತು ವರ್ಷ ಕಾದಿದ್ದಳಲ್ಲ, ಕೂತು ಹೇಳಲು ಮನಸ್ಸಾಗಲಿಲ್ಲ.

"ನಿನ್ನೆ ನಾನು ಎಲ್ಲರಿಗೂ ಎಲ್ಲ ಪ್ರಶ್ನೆ ಕೇಳಿದೆ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ."

"ಯಾವುದು?" ಗುನ್ವೋರ್ ಕೇಳಿದಳು.

"ಆ ಅಣಬೆ ಎಲ್ಲಿ ಸಿಕ್ತು ಅಂತ."

"ಛೀ!" ಗುನ್ವೋರ್ ನಾಚಿದಳು. "ಅದನ್ನ ಯಾರಾದ್ರೂ ಕೇಳ್ತಾರಾ?"

"ಅದೇ! ಯಾರೂ ಕೇಳಲ್ಲ. ಸಂಬಳ ಎಷ್ಟು ಅಂತ ಬೇಕಾದ್ರೂ ಕೇಳಬಹುದು, ಗಂಡ ಹೊಡೀತಾನಾ ಅಂತ ಬೇಕಾದ್ರೂ ಕೇಳಬಹುದು. ಅಣಬೆ ಜಾಗ ಕೇಳೋ ಹಾಗಿಲ್ಲ. ಒಡಹುಟ್ಟಿದವರೂ ಕೇಳಲ್ಲ. ಈ ಊರಲ್ಲಿ ಏನನ್ನಾದ್ರೂ ಬಚ್ಚಿಡಬೇಕು ಅಂದ್ರೆ ಅದಕ್ಕಿಂತ ಒಳ್ಳೇ ಮರೆ ಇಲ್ಲ." ಯೋರ್ಡಿಸ್ ಅತ್ತೆಯ ಕಡೆ ತಿರುಗಿದಳು. "ಟೋರಾ ಅತ್ತೆ, ಫ್ರೀಜರಿಗೆ ಹಾಕೋ ಅಣಬೆಯನ್ನ ನೀವು ಹೇಗೆ ತೊಳೀತೀರಿ ಅಂತ ನಾನು ನೋಡಿದ್ದೀನಿ. ಒಂದೊಂದನ್ನೂ ಬ್ರಶ್ಶಿನಲ್ಲಿ ಉಜ್ಜಿ, ಹುರಿದು, ಆಮೇಲೆ ಒಳಗೆ ಇಡ್ತೀರಿ. ನಿನ್ನೆ ನನ್ನ ಹಲ್ಲಿಗೆ ಹಸಿ ಪಾಚಿ ಸಿಕ್ತು. ಅದು ಆ ದಿನವೇ ಕಿತ್ತ ಅಣಬೆ. ಅವಸರದಲ್ಲಿ ಬಾಣಲೆಗೆ ಹಾಕಿದ್ದು."

ಅತ್ತೆ ಕಾಫಿ ಪಾತ್ರೆಯನ್ನೇ ನೋಡುತ್ತಿದ್ದರು.

"ಜುಲೈಯಿಡೀ ಮಳೆ ಇಲ್ಲ. ಊರಲ್ಲಿ ಯಾರಿಗೂ ಅಣಬೆ ಇಲ್ಲ. ನಿಮಗೆ ಮಾತ್ರ ಬಾಣಲೆ ತುಂಬ! ಅಂದ್ರೆ ಎಂಥ ಬೇಸಿಗೆಯಲ್ಲೂ ತೇವ ಆರದ ಜಾಗ ಒಂದು ನಿಮಗೆ ಗೊತ್ತು. ಹಳೇ ಕಾಲದವರು ಮನೆ ಕಟ್ಟೋದು ಎಲ್ಲಿ? ನೀರಿರೋ ಕಡೆ. ಗುನ್ವೋರ್, ಆ ಮನೆ ಪಕ್ಕ ಬಾವಿ ಇತ್ತಾ?"

"ಬಾವಿ ಅಲ್ಲ. ಒರತೆ ಇತ್ತು" ಎಂದಳು ಗುನ್ವೋರ್. ಅವಳ ಬಾಯಿ ತೆರೆದದ್ದು ತೆರೆದೇ ಉಳಿಯಿತು. "ಅತ್ತೆ! ನೀವಾ?"

"ಕಂಬದ ಹತ್ತಿರದ ಗಾಲಿ ಗುರುತು ಅಂಗಳದಲ್ಲಿರೋ ತಳ್ಳುಗಾಡಿಯದು. ಈಗಷ್ಟೇ ಅಳೆದು ಬಂದೆ" ಎಂದು ಯೋರ್ಡಿಸ್ ಮುಗಿಸಿದಳು. "ಕಂಬವನ್ನ ಮಗು ಥರ ಮಲಗಿಸ್ಕೊಂಡು ತಳ್ಳಿದ್ದಾರೆ."

"ಚರ್ಚಿನ ಮೆಟ್ಟಿಲು ಹತ್ತೋಕಾಗಲ್ಲ ನಿಮಗೆ!"

"ಚರ್ಚಿನಲ್ಲಿ ಅಣಬೆ ಬೆಳೆಯಲ್ಲ" ಎಂದರು ಟೋರಾ ಅತ್ತೆ.

ಅತ್ತೆ ಕುರ್ಚಿಯಲ್ಲಿ ಕೂತು ಏಪ್ರನ್ನಿನ ಅಂಚನ್ನು ಸೆರಗಿನಂತೆ ಬೆರಳಿಗೆ ಸುತ್ತತೊಡಗಿದರು.

"ಮೇ ತಿಂಗಳಲ್ಲಿ ಕಂಬ ನೆಟ್ಟಾಗ ನಾನೇನೂ ಅನ್ನಲಿಲ್ಲ. ಕಂಬ ನೋಡೋಕೆ ಯಾರು ಬರ್ತಾರೆ ಅಂದ್ಕೊಂಡೆ. ನೀನು ಅರವತ್ತು ಜನ ಅಂದ್ಯಲ್ಲ, ಎದೆ ಧಸಕ್ ಅಂತು. ಅದೂ ಆಗಸ್ಟಿನಲ್ಲಿ! ಬರೋರೆಲ್ಲ ಬುಟ್ಟಿ ಹಿಡ್ಕೊಂಡು ಹುಟ್ಟಿದವರು. ನನಗೆ ಏಳು ವರ್ಷ ಆದಾಗ ಅಜ್ಜಿ ಕೈ ಹಿಡ್ಕೊಂಡು ಅಲ್ಲಿಗೆ ಕರ್ಕೊಂಡು ಹೋದ್ಲು. ನಿನ್ನ ಕ್ರಿಸ್ಟೀನಾ. 'ಇದು ನನ್ನಮ್ಮ ನನಗೆ ತೋರಿಸಿದ್ದು, ನಿನಗೆ ತೋರಿಸ್ತಿದ್ದೀನಿ, ಗಂಡನಿಗೂ ಹೇಳಬೇಡ' ಅಂದ್ಲು. ಆ ತಾಪತ್ರಯವೇ ಬೇಡ ಅಂತ ನಾನು ಮದುವೆನೇ ಆಗಲಿಲ್ಲ."

ಯೋರ್ಡಿಸ್ ಕೆಮ್ಮಿ ನಗು ನುಂಗಿದಳು. ಗುನ್ವೋರಳಿಗೆ ನಗು ಬರಲಿಲ್ಲ.

"ಈಗ ಹಲಗೆ ಇರೋ ಜಾಗ ಏನು ಅತ್ತೆ? ಅದು ಯಾರ ಮನೆ?"

ಅತ್ತೆ ಏನೋ ಗೊಣಗಿದರು.

"ಕೇಳಿಸಲಿಲ್ಲ."

"ಹಂದಿಗೂಡು."

"ಹಂದಿಗೂಡು!" ಗುನ್ವೋರ್ ಎದ್ದು ನಿಂತಳು. ಅಷ್ಟು ಹೊತ್ತು ತಡೆದಿದ್ದ ಸಿಟ್ಟು ಒಮ್ಮೆಗೇ ನುಗ್ಗಿತು. "ಅರವತ್ತು ಜನರನ್ನ ಹಂದಿಗೂಡಿನ ಮುಂದೆ ನಿಲ್ಲಿಸಿ ಕೈ ಮುಗಿಸ್ತಿದ್ದೆ! ಅಮೆರಿಕದಿಂದ ಬಂದವಳು ಅಲ್ಲಿನ ಮಣ್ಣನ್ನ ಡಬ್ಬಿಯಲ್ಲಿ ತುಂಬ್ಕೊಂಡು ಹೋಗ್ತಿದ್ಲು! ನಾಳೆ ಇಂಗ್ವೆಗೆ ಗೊತ್ತಾಗಿದ್ರೆ ನಾನು ಸಾಯೋವರೆಗೂ ಆಡ್ಕೊಳ್ತಿದ್ದ. ನಿಮಗೆ ನಿಮ್ಮ ಅಣಬೆ ಆಯ್ತು. ನನ್ನ ಮಾನ ಏನಾಗಬೇಕಿತ್ತು ಅತ್ತೆ? ನಾನು ಇಷ್ಟು ಕಷ್ಟಪಟ್ಟು ಒಂದೇ ಒಂದು ಸರಿ ಕೆಲಸ ಮಾಡಿದ್ದೆ."

ಅತ್ತೆಯ ಮುಖ ಸಣ್ಣದಾಯಿತು. ಅವರು ಅದನ್ನು ಯೋಚಿಸಿಯೇ ಇರಲಿಲ್ಲ. ಅದು ಅವರ ಕಣ್ಣಿನಲ್ಲೇ ಕಂಡಿತು. ಎದ್ದರು. ಗೋಡೆಯ ಮೊಳೆಯಿಂದ ಎರಡು ಬುಟ್ಟಿ ಇಳಿಸಿದರು. ಒಂದನ್ನು ಗುನ್ವೋರಳ ಕೈಗೆ ಕೊಟ್ಟರು.

"ಬಾ. ಎಲ್ಲ ಕಿತ್ತುಬಿಡೋಣ. ಆಮೇಲೆ ಕಂಬ ವಾಪಸ್ ಹಾಕೋಣ. ಬರೋರು ಪಾಚಿ ನೋಡ್ಕೊಂಡು ಹೋಗಲಿ." ಬಾಗಿಲಲ್ಲಿ ತಿರುಗಿ ನೋಡಿದರು. "ಯೋರ್ಡಿಸ್, ನೀನು ಇಲ್ಲೇ ಇರು."

"ಕೇಸ್ ಬಿಡಿಸಿದವಳು ನಾನು!"

"ಅದಕ್ಕೇ ಹೇಳಿದ್ದು."

ಕಾಡಿನಲ್ಲಿ ಅತ್ತೆ ಮೇಕೆಯಂತೆ ಹೋದರು. ಗುನ್ವೋರ್ ಏದುಸಿರು ಬಿಡುತ್ತ ಹಿಂದೆ ಓಡಿದಳು. ಎದೆಮಟ್ಟದ ಕಲ್ಲುರಾಶಿ, ಚಪ್ಪಡಿ ಕಲ್ಲು, ಗುಲಾಬಿ ಪೊದೆ, ಎಲ್ಲ ಇದ್ದಲ್ಲೇ ಇತ್ತು. ಒರತೆಯ ಸುತ್ತ ಪಾಚಿಯ ತುಂಬ ಹಳದಿ. ಕ್ರಿಸ್ಟೀನಾ ಎಲ್ಲಿ ಕೂತು ಅಣಬೆ ಬಿಡಿಸುತ್ತಿದ್ದಳು, ಯಾವ ಹಾಡು ಗುನುಗುತ್ತಿದ್ದಳು, ಹುಳುಕು ಹಲ್ಲಿನಿಂದಾಗಿ ಹೇಗೆ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಳು ಎಂದೆಲ್ಲ ಅತ್ತೆ ಬಗ್ಗಿ ಕೀಳುತ್ತಲೇ ಹೇಳಿದರು. ಯಾವ ಮೈಕ್ರೋಫಿಲ್ಮಿನಲ್ಲೂ ಇಲ್ಲದ ಮುತ್ತಜ್ಜಿ. ಗುನ್ವೋರಳ ಸಿಟ್ಟು ಎಲ್ಲಿ ಇಳಿಯಿತೋ ಅವಳಿಗೇ ತಿಳಿಯಲಿಲ್ಲ. ಇಷ್ಟು ಸಂತೋಷ ಅವಳಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಶನಿವಾರ ಅರವತ್ತು ಜನ ಕಲ್ಲುಗಳ ಸುತ್ತ ನಿಂತರು. ಗುನ್ವೋರ್ ಹೇಳಿದಳು, ಇಂಗ್ವೆ ಸೊಂಟ ಹಿಡಿದುಕೊಂಡೇ ಲೊರೇನ್‌ಳಿಗೆ ಇಂಗ್ಲಿಷಿನಲ್ಲಿ ತಿಳಿಸಿದ. ಅವಳ ಅಜ್ಜನ ಅಪ್ಪ ಕೊನೆಯ ಸಲ ದಾಟಿದ ಹೊಸ್ತಿಲು ಇದೇ ಎಂದಾಗ ಲೊರೇನ್ ಚಪ್ಪಡಿಯ ಮೇಲೆ ಕೂತು ಬಿಕ್ಕಿ ಅತ್ತಳು. ನೆಂಟರೂ ಮೂಗು ಒರೆಸಿಕೊಂಡರು. ಈ ಸಲ ಯಾರೂ ನಗಲಿಲ್ಲ.

ಅಳು ಮುಗಿಸಿ ಏಳುವಾಗ ಲೊರೇನ್ ಗುಲಾಬಿ ಪೊದೆಯ ಬುಡಕ್ಕೆ ಬೆರಳು ತೋರಿಸಿ ಏನೋ ಕೇಳಿದಳು.

"ಅಲ್ಲಿ ಹಳದಿಯಾಗಿರೋದು ಏನು ಅಂತ ಕೇಳ್ತಿದ್ದಾಳೆ" ಎಂದ ಇಂಗ್ವೆ.

ಅರವತ್ತು ಕತ್ತುಗಳು ಉದ್ದವಾದವು. ಟೋರಾ ಅತ್ತೆ ಕಣ್ಣು ಮುಚ್ಚಿಕೊಂಡರು. ಆಧಾರವಿಲ್ಲದ ಮಾತು ಒಂದನ್ನೂ ಆಡುವುದಿಲ್ಲ ಎಂದು ಕ್ರಿಸ್‌ಮಸ್ಸಿನಿಂದ ವ್ರತ ಹಿಡಿದಿದ್ದ ಗುನ್ವೋರ್ ಒಂದು ಹೆಜ್ಜೆ ಮುಂದಿಟ್ಟು, ತನ್ನ ಅಗಲವಾದ ಬೂಟನ್ನು ಪೊದೆಯ ಬುಡಕ್ಕೆ ಅಡ್ಡ ಇಟ್ಟಳು.

"ಬರ್ಚ್ ಮರದ ಎಲೆ. ಈ ವರ್ಷ ಬೇಗ ಹಣ್ಣಾಗಿವೆ."

ಇಂಗ್ವೆ ನರಳುತ್ತ ಬಗ್ಗಿದ. ಕನ್ನಡಕ ಏರಿಸಿದ. ಬೂಟಿನ ಪಕ್ಕದಲ್ಲಿ ಇಣುಕಿ ನೋಡಿದ. ಒರತೆಯನ್ನು ನೋಡಿದ, ಪಾಚಿಯನ್ನು ನೋಡಿದ, ಮತ್ತೆ ಬೂಟನ್ನು ನೋಡಿದ. ನಿಧಾನವಾಗಿ ಎದ್ದು ನಿಂತ.

"ಗುನ್ವೋರ್ ಹೇಳಿದ್ದು ಸರಿ" ಎಂದು ಎಲ್ಲರಿಗೂ ಕೇಳುವಂತೆ ಘೋಷಿಸಿದ. "ಎಲೆ. ನಾನೇ ಪರಿಶೀಲಿಸಿದ್ದೇನೆ. ಇಲ್ಲಿ ನೋಡೋಕೆ ಇನ್ನೇನೂ ಇಲ್ಲ. ಎಲ್ಲರೂ ಕಾಫಿಗೆ ನಡೀರಿ."

ನೆಂಟರು ಹೊರಟರು. ಟೋರಾ ಅತ್ತೆ ನಡುಗುವ ಮುದುಕಿಯಾಗಿ ಗುನ್ವೋರಳ ತೋಳಿಗೆ ಜೋತುಬಿದ್ದು, ಅವಳ ಕಿವಿಗೆ ಬಾಯಿ ಇಟ್ಟರು.

"ನಾಳೆ ಬೆಳಕು ಹರಿಯೋ ಮೊದಲೇ ಬಂದುಬಿಡು. ಈ ಇಂಗ್ವೆ ಬೇಗ ಏಳೋನು."